ಮುಳ್ಳು ಚುಚ್ಚದ ಎಲೆ

ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಜನ ಹೇಳುವುದು ಹೀಗೆ. ಕನ್ನಡದ ಸೀಮೆ ಬಿಟ್ಟು ತೆಂಕಣಕ್ಕೆ ನಡೆದು ಬರುವಾಗ ಒಬ್ಬ ಅಜ್ಜಿ ಮನೆದೇವರ ಮಣ್ಣನ್ನು ಮುತ್ತುಗದೆಲೆಯಲ್ಲಿ ಮಡಚಿಕೊಂಡಳಂತೆ. ದೇವರಿಗೆ ನೋವಾದೀತೆಂದು ಎಲೆಗೆ ಮುಳ್ಳು ಚುಚ್ಚಲಿಲ್ಲ. ಬರೀ ಮಡಿಕೆಯ ಮೇಲೆ ಮಡಿಕೆ. ಅಂದಿನಿಂದ ಆ ಮಣ್ಣಿಡುವ ದೇವರ ಪೆಟ್ಟಿಗೆ ಒಂದೇ ತಾಮ್ರದ ತಗಡಿನದು. ಬೆಸುಗೆ ಇಲ್ಲ, ಮೊಳೆ ಇಲ್ಲ, ತೂತಿಲ್ಲ. ಕಡೆಯ ಮಡಿಕೆಯನ್ನು ಮಾತ್ರ ಗುಡಿಯಲ್ಲೇ, ಆ ಅಜ್ಜಿಯ ಮನೆಯಲ್ಲಿ ಹುಟ್ಟಿದ ಹೆಣ್ಣು ಕೈಯಿಂದ ಮುಚ್ಚಬೇಕು. ಮುಚ್ಚಿದ ಮೇಲೆ ತೆರೆಯುವಂತಿಲ್ಲ.

ಆ ಪೆಟ್ಟಿಗೆಯ ತಳ ಸವೆದುಹೋಯಿತು. ಕೇಳಿದವರೆಲ್ಲ, ಬೆಸುಗೆಯಿಲ್ಲದೆ ಹೊಸದು ಆಗದು ಅಂದರು. ಕೊನೆಗೆ ಪೂಜಾರಿ ಪೆರುಮಾಳ್ ದಿಂಡಿಗಲ್ಲಿನಲ್ಲಿ ಕಬ್ಬಿಣದ ಬೀರು ಮಾಡುವ ಕಾರ್ಖಾನೆಗೆ ಬಂದರು. ಅವರ ಅಣ್ಣನ ಮಗಳು ತಿಲಗವತಿ ಅಲ್ಲಿ ತಗಡಿನ ಭಾಗಗಳನ್ನು ಕಂಪ್ಯೂಟರಿನಲ್ಲಿ ಮಡಚಿ ನೋಡುವ ಕೆಲಸದವಳು. ಅವಳ ಮನೆಗೆ ಅವರು ಹೋಗಲಿಲ್ಲ. ಚಿನ್ನಾಳಪಟ್ಟಿಯ ನೇಕಾರರ ಹುಡುಗ ಜೆಯಕುಮಾರನನ್ನು ಅವಳು ಕಟ್ಟಿಕೊಂಡ ಮೇಲೆ ನೆಂಟರು ಯಾರೂ ಆ ಹೊಸ್ತಿಲು ತುಳಿದಿಲ್ಲ. ಈಗ ಆ ಜೆಯಕುಮಾರನೂ ಬದುಕಿಲ್ಲ.

"ಒಂದೇ ತಗಡಲ್ಲಿ ಆಗುತ್ತಾ ಮಗಾ?"

"ಮಡಚಿ ನೋಡ್ತೀನಿ ಚಿಕ್ಕಪ್ಪಾ. ನಾನು ಮುಟ್ಟಿದ್ದು ದೇವ್ರಿಗೆ ಆಗುತ್ತಾ?"

"ನೀನೆಲ್ಲಿ ಮುಟ್ತೀಯ? ಗೆರೆ ಎಳಿಯೋಳು. ಗೆರೆಗೇನು ಮೈಲಿಗೆ?"

"ಹಂಗಾದ್ರೆ ಕಡೇ ಮಡಿಕೆ ನಾನೇ ಮುಚ್ಲಾ? ನಾನೂ ಆ ಮನೇಲೇ ಹುಟ್ಟಿದೋಳು."

ಪೆರುಮಾಳ್ ಹೆಗಲ ಟವೆಲ್ ತೆಗೆದು ಕೊಡವಿದರು. ಅದರಲ್ಲಿ ಧೂಳೇನೂ ಇರಲಿಲ್ಲ. "ನಿನ್ನ ಸೋದರತ್ತೆ ಪೇಚ್ಚಿಯಮ್ಮಾಳ್ ಮುಚ್ತಾಳೆ. ಅವಳ ಕೈಯಲ್ಲಿ ಆಗ್ಲಿಲ್ಲ ಅಂದ್ರೆ, ನಿನ್ನ ಕರೀತೀವಿ."

ತಿಲಗವತಿ ಕೆಲಸಕ್ಕೆ ಕೂತಳು. ಪರದೆಯ ಮೇಲೆ ಪೆಟ್ಟಿಗೆ ಕಟ್ಟಿ, ಬಿಚ್ಚಿ, ಎಲೆಯಂತೆ ಹರಡಿದಳು. ಮಡಚಿದ ಕಡೆ ತಗಡು ಕೊಂಚ ಹಿಗ್ಗುತ್ತದೆ. ಅಷ್ಟನ್ನು ಮೊದಲೇ ಕಳೆಯಬೇಕು. ಮೂಲೆಗಳನ್ನು ಕತ್ತರಿಸುವಂತಿಲ್ಲ, ಸೀರೆಯ ನೆರಿಗೆಯಂತೆ ಒಳಕ್ಕೆ ಮಡಚಬೇಕು. ಒಂದು ಅಂಚು ಇನ್ನೊಂದಕ್ಕೆ ತಾಗಿತು. ಕ್ರಮ ಬದಲಿಸಿದಳು, ಮಡಚುವ ಯಂತ್ರದ ಬಾಯಿ ಒಳಗೆ ಹೋಗಲು ಜಾಗವೇ ಉಳಿಯಲಿಲ್ಲ.

"ಎತ್ತಗೆ ಹೋಯ್ತೀಯೇ, ಮೂದೇವಿ," ಎಂದು ಅಂಚಿಗೆ ಬೈದಳು. ಕನ್ನಡದಲ್ಲಿ ಬೈಯಲು ಅವಳಿಗೆ ಉಳಿದಿದ್ದು ಆ ಪರದೆ ಒಂದೇ.

ಕೊನೆಗೆ ಎಲ್ಲ ಕೂಡಿಬಂತು. ಉಳಿದದ್ದು ಕೈಯಿಂದ ಮುಚ್ಚುವ ಆ ಒಂದು ಮಡಿಕೆ. ಅದರ ಗೆರೆಯುದ್ದಕ್ಕೂ ತಗಡನ್ನು ಸ್ವಲ್ಪ ಕೆತ್ತಿ ತೆಳುಮಾಡಬೇಕು. ಆಳ ಕಡಿಮೆಯಾದರೆ ಮುದುಕಿಯ ಬೆರಳಿಗೆ ಬಗ್ಗದು. ಆಗ ಇವಳನ್ನೇ ಕರೆಯಬೇಕು.

ಆಳದ ಅಂಕಿಯ ಮೇಲೆ ಬೆರಳಿಟ್ಟು ಅವಳು ಬಹಳ ಹೊತ್ತು ಕೂತಳು. ಯಾರಿಗೂ ತಿಳಿಯುವುದಿಲ್ಲ. ತಗಡೇ ಹಾಗೆ ಅಂದರಾಯಿತು.

ಆಮೇಲೆ ಎದ್ದು ಒಂದು ತುಂಡು ತಾಮ್ರಕ್ಕೆ ಆ ಕಡಿಮೆ ಆಳವನ್ನೇ ಕೆತ್ತಿಸಿ ತಂದಳು. ದ್ರಾಕ್ಷಿ ತೋಟದಲ್ಲಿ ಕತ್ತರಿ ಹಿಡಿದೂ ಹಿಡಿದೂ ಅತ್ತೆಯ ಹೆಬ್ಬೆರಳು ಮಡಚದು. ತಿಲಗವತಿ ತನ್ನ ಹೆಬ್ಬೆರಳೂ ಮಡಚದಂತೆ ಕಡ್ಡಿಯಿಟ್ಟು ಬಟ್ಟೆ ಸುತ್ತಿ, ಆ ತುಂಡನ್ನು ಬಗ್ಗಿಸಿ ನೋಡಿದಳು. ತಾಮ್ರ ಬಗ್ಗಲಿಲ್ಲ, ಬೆರಳ ಸಂದಿಗೆ ಚುಚ್ಚಿತು. ನೋವು ಮೊಣಕೈವರೆಗೂ ಏರಿತು.

"ತಾಯೀ, ಇದು ಮುಳ್ಳೇ," ಅಂದಳು.

ಮತ್ತೆ ಕೂತು ಆಳ ಹೆಚ್ಚಿಸಿದಳು. ಇನ್ನೊಂದು ತುಂಡು, ಇನ್ನೊಂದು. ಬಟ್ಟೆ ಸುತ್ತಿದ ಬೆರಳಿಗೂ ತಾಮ್ರ ಮೆತ್ತಗೆ ಬಗ್ಗುವವರೆಗೆ ಬಿಡಲಿಲ್ಲ.

ಪೆಟ್ಟಿಗೆ ಗುಡಿ ಸೇರಿತು. ಪೂಜೆಯ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. ಹಿಂದೆ ಉರುಮೆ ಬಡಿತದ ಸದ್ದು, ಹೆಂಗಸರ ನಗು.

"ತಿಲಗಾ, ಮುಚ್ಕಂತು ಕಣೇ! ವೀಳ್ಯದೆಲೆ ಮಡಚ್ದಂಗೆ. ಈ ಮೊಂಡು ಬೆರಳಿಗೂ ಹೇಳ್ದಂಗೆ ಕೇಳ್ತು."

"ನೋವಾಯ್ತಾ ಅತ್ತೆ?"

"ಎಲ್ಲೀ ನೋವು! ನೀನ್ಯಾಕೆ ಬರ್ಲಿಲ್ಲ? ಬಾಗ್ಲ ಕಡೇನೇ ನೋಡ್ತಿದ್ದೆ."

"ಕರೀಲಿಲ್ಲ ಅತ್ತೆ."

ಅಷ್ಟರಲ್ಲಿ ಅಲ್ಲಿ ಯಾರೋ ಅತ್ತೆಯನ್ನು ಊಟಕ್ಕೆ ಕೂಗಿದರು.

"ಹೋಗಿ ಅತ್ತೆ, ಎಲೆ ಹಾಕಿರ್ತಾರೆ," ಅಂದಳು ತಿಲಗವತಿ.

ಪರದೆಯ ಮೇಲಿನ ಪೆಟ್ಟಿಗೆಯಲ್ಲಿ ಆ ಒಂದು ಮಡಿಕೆ ಇನ್ನೂ ತೆರೆದೇ ಇತ್ತು. ಅವಳು ಚಪ್ಪಲಿ ಬಿಟ್ಟು, ನೀರಿನ ಬಾಟಲಿಯಿಂದ ಕೈ ತೊಳೆದು ಬಂದು ಕೂತಳು. ತೊಂಬತ್ತು ಡಿಗ್ರಿ ಎಂದು ಒತ್ತಿದಳು. ಸದ್ದಿಲ್ಲದೆ ಅದು ಮುಚ್ಚಿಕೊಂಡಿತು. ಒಳಗೆ ಮಣ್ಣಿರಲಿಲ್ಲ. ಆದರೂ ಕೈ ಮುಗಿದಳು.