ಹೊದಿಕೆಯೊಳಗೆ ಧಡಿಯ ಇದ್ದಾನೆಯೇ?

ಇದು ನಡೆದ ಕಥೆ. ಸರಿಯಾಗಿ ಹೇಳಬೇಕೆಂದರೆ ಉರುಳಿದ ಕಥೆ, ಏಕೆಂದರೆ ಇದರ ನಾಯಕನಿಗೆ ಕಾಲುಗಳಿಲ್ಲ, ನಾಲ್ಕು ಚಕ್ರಗಳಿವೆ.

ನಾಯಕನ ಹೆಸರು ಧಡಿಯ. ಕಲ್ಲು, ಕೆಸರು, ಗುಡ್ಡ ಯಾವುದಕ್ಕೂ ಜಗ್ಗದ, ನಲವತ್ತು ವರ್ಷ ಹಳೆಯ, ಜೀಪಿನಷ್ಟೇ ಗಾತ್ರದ ಫೋರ್ ವೀಲ್ ಡ್ರೈವ್ ಟ್ರಕ್. ಆರು ವರ್ಷದ ಹಿಂದೆ ಅದರ ಯಜಮಾನ, ಊರಿನ ಬೇಕರಿಯವನು, ಅದನ್ನು ಗುಜರಿಯಿಂದ ಎಳೆದು ತಂದಾಗ ನೆಲದ ತಗಡಿನಲ್ಲಿ ಬೆಕ್ಕು ತೂರುವಷ್ಟು ದೊಡ್ಡ ತೂತುಗಳಿದ್ದವು. ನಸುಕಿನಲ್ಲಿ ಬ್ರೆಡ್ ಬೇಯಿಸಿ, ಮಧ್ಯಾಹ್ನ ಎರಡು ಗಂಟೆ ಗಡದ್ದಾಗಿ ನಿದ್ದೆ ಹೊಡೆದು, ಸಂಜೆಯಾದರೆ ಅವನು ಧಡಿಯನ ಹೊಟ್ಟೆಯಡಿ ಸೇರುತ್ತಿದ್ದ. ತುಕ್ಕು ಕೆರೆದ. ಹೊಸ ತಗಡು ಬೆಸುಗೆ ಹಾಕಿಸಿದ. ಇಂಜಿನ್ ಬಿಚ್ಚಿ, ಒಂದೊಂದು ನಟ್ಟನ್ನೂ ರಸ್ಕಿನ ಡಬ್ಬಗಳಲ್ಲಿ ಚೀಟಿ ಅಂಟಿಸಿ ಇಟ್ಟ. ಒಂದು ಸಲ ಗಿರಾಕಿಯೊಬ್ಬರಿಗೆ ರಸ್ಕಿನ ಬದಲು ವಾಷರುಗಳ ಡಬ್ಬವೇ ಹೋಗಿತ್ತು. ಈ ಸಲ ಸ್ವಲ್ಪ ಗಟ್ಟಿಯಾಗಿದೆ ಎಂದರೇ ಹೊರತು ಅವರು ಬೇರೆ ದೂರು ಹೇಳಲಿಲ್ಲ. ಸರಿಹೊಂದುವ ಗೇರ್ ಬಾಕ್ಸಿಗಾಗಿ ಎರಡು ವರ್ಷ ಊರೂರು ಅಲೆದ. ಕೊನೆಗೆ ಹಸಿರು ಬಣ್ಣ ಬಳಿದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಭಾನುವಾರ ಗುಡ್ಡ ಹತ್ತಿಸಿ ಇಳಿಸಿದ. ಅಂದು ಅವನ ಮುಖ ಆಗಷ್ಟೇ ಒಲೆಯಿಂದ ತೆಗೆದ ಬನ್ನಿನಂತೆ ಉಬ್ಬಿತ್ತು.

ಭಾನುವಾರ ಬಿಟ್ಟರೆ ಧಡಿಯನಿಗೆ ರಜೆ. ಬೂದು ಟಾರ್ಪಾಲ್ ಹೊದ್ದು, ಬೇಕರಿಗೆ ಅಂಟಿದ ಮನೆಯ ಮುಂದೆ ಇಳಿಜಾರಿಗೆ ಮುಖ ಮಾಡಿ ನಿಂತಿರುತ್ತಿದ್ದ. ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಬಹುದಲ್ಲ ಎಂದು ಗೇರು ಯಾವಾಗಲೂ ನ್ಯೂಟ್ರಲ್. ಕಾವಲಿಗೆ ಹ್ಯಾಂಡ್ ಬ್ರೇಕ್ ಒಂದೇ. ಬಾಗಿಲುಗಳು ಕ್ಯಾನ್ವಾಸಿನವು, ಬೀಗದ ಮಾತೇ ಇಲ್ಲ.

ಇದನ್ನು ನೋಡಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದವಳು ನಾದಿನಿ, ಬೇಕರಿಯವನ ಹೆಂಡತಿಯ ತಂಗಿ. ಗಾಡಿಗಳ ವೈರಿಂಗ್ ಮಾಡುವವಳು. ಇಳಿಜಾರಿನ ಕೊನೆಯಲ್ಲೇ ಅವಳ ಅಂಗಡಿ. ಯಾವ ಇಂಜಿನ್ನಿನ ಸದ್ದನ್ನಾದರೂ ಗಂಟಲಿನಲ್ಲೇ ಹೊರಡಿಸುವ ವಿದ್ಯೆಯೂ ಅವಳಿಗಿತ್ತು.

"ಭಾವ, ಮೇಲಿನ ಬೀದಿ ಜವಳಿ ಅಂಗಡಿಯವರ ಟ್ರಕ್ ಹೋಯ್ತಲ್ಲ, ನಿಮ್ಮದರ ಜೋಡಿಯೇ ಅದು. ಹಾಡಹಗಲೇ ಕದ್ದುಕೊಂಡು ಹೋದ್ರು. ಈಗ ಅಲ್ಲಿ ಉಳಿದಿರೋದು ಆಯಿಲ್ ಕಲೆ ಮಾತ್ರ."

"ಅವರು ಅದನ್ನ ಸಾಕಲಿಲ್ಲ, ನಿಲ್ಲಿಸಿದ್ರು ಅಷ್ಟೆ," ಎಂದ ಬೇಕರಿಯವನು. "ನನ್ನ ಧಡಿಯ ಬೇರೆಯವರ ಕೈಗೆ ಬಗ್ಗಲ್ಲ ಕಣಮ್ಮ. ಚೋಕ್ ಮುಕ್ಕಾಲು ಎಳೀಬೇಕು, ಪೆಡಲ್ ಎರಡು ಸಲ ತುಳೀಬೇಕು, ಆಮೇಲೆ ಮೂರು ಎಣಿಸಬೇಕು. ಅಷ್ಟು ತಾಳ್ಮೆ ಇರೋನು ಕಳ್ಳತನಕ್ಕೆ ಯಾಕೆ ಬರ್ತಾನೆ, ನನ್ನ ಬೇಕರಿಗೇ ಕೆಲಸಕ್ಕೆ ಬರ್ತಿದ್ದ."

"ಕಳ್ಳ ಸವಾರಿ ಮಾಡೋಕೆ ಬರಲ್ಲ ಭಾವ. ಎಳ್ಕೊಂಡು ಹೋಗಿ ಬಿಚ್ಚಿ ಮಾರ್ತಾನೆ. ನಿಮಗೆ ಗೇರ್ ಬಾಕ್ಸ್ ಹುಡುಕೋಕೆ ಎರಡು ವರ್ಷ ಹಿಡೀತು. ನಿಮ್ಮ ಹಾಗೇ ಹುಡುಕೋರು ಇನ್ನೂ ಎಷ್ಟು ಜನ ಇದಾರೆ ಅಂದ್ಕೊಂಡಿದೀರಿ? ಅವರಿಗೆ ಮಾರೋಕೆ ಕಳ್ಳನಿಗೆ ನಿಮ್ಮ ಗಾಡಿನೇ ಬೇಕು. ಇಂಜಿನ್ ಏಳದ ಹಾಗೆ ಒಂದು ಸಣ್ಣ ಸ್ವಿಚ್, ಎಳ್ಕೊಂಡು ಹೋದ್ರೆ ಎಲ್ಲಿದೆ ಅಂತ ಹೇಳೋ ಒಂದು ಯಂತ್ರ ಹಾಕ್ತೀನಿ, ಅರ್ಧ ದಿನದ ಕೆಲಸ."

"ಆರು ವರ್ಷದ ಕೆಲಸ ಇದು. ಅದಕ್ಕೆ ತೂತು ಕೊರೀತೀಯಾ? ಬೇಡ. ದಿನಾ ಕಣ್ಣೆದುರಿಗೇ ಇರುತ್ತೆ, ನೋಡ್ತಾನೇ ಇರ್ತೀನಿ."

"ನೋಡೋದು ಟಾರ್ಪಾಲ್‌ನ, ಟ್ರಕ್ ಅಲ್ಲ," ಎಂದು ಒಳಗಿನಿಂದ ಹೆಂಡತಿ ಮಾತು ಸೇರಿಸಿದಳು.

ಬೇಕರಿಯವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕತಂಗಿಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಗುರುವಾರ. ಸಂಜೆ ಬೇಕರಿಯವನು ಎಂದಿನಂತೆ ಒದ್ದೆ ಬಟ್ಟೆಯಿಂದ ಟಾರ್ಪಾಲಿನ ಧೂಳು ಒರೆಸಿದ. ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, "ಮಲಗೋ ಮಗನೇ" ಎಂದ. ಶುಕ್ರವಾರ ಸಂಜೆಯೂ ಟೀ ಲೋಟ ಹಿಡಿದು, ಸ್ಟೂಲು ಹಾಕಿಕೊಂಡು, ಧಡಿಯನಿಗೆ ಬೆನ್ನು ಕೊಟ್ಟು ಕೂತ. ಬ್ರೆಡ್ ಕೊಳ್ಳಲು ಬಂದ ಜವಳಿ ಅಂಗಡಿಯವರು ಅವನ ಕೈಗೆ ಸಿಕ್ಕಿಬಿದ್ದರು.

"ಗಾಡಿ ಅಂದ್ರೆ ಮಗು ಇದ್ದ ಹಾಗೆ ಯಜಮಾನ್ರೇ. ಒಂದು ಕಣ್ಣು ಅದರ ಮೇಲೇ ಇರಬೇಕು. ನೋಡಿ, ನಾನು ಹೀಗೆ ಒರಗಿ ಕೂತ್ರೆ ಕಳ್ಳ ಏನು, ಗಾಳಿಯೂ ಸುಳಿಯಲ್ಲ." ಹಿಂದಕ್ಕೆ ಕೈ ಚಾಚಿ ಮತ್ತೆ ತಟ್ಟಿದ.

ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ನಾದಿನಿ ಗಂಭೀರವಾಗಿ ಹೇಳಿದಳು, "ಹೌದು ಭಾವ. ಒಂದ್ಸಲ ಸ್ಟಾರ್ಟ್ ಮಾಡಿ ಕೇಳಿಸಿ ಅವರಿಗೆ. ಪಾಪ, ಅವರ ಕಿವಿ ಆ ಸದ್ದು ಕೇಳಿ ತಿಂಗಳಾಯ್ತು."

ಬೇಕರಿಯವನಿಗೆ ಇಷ್ಟೇ ಸಾಕಿತ್ತು. ಹಗ್ಗ ಬಿಚ್ಚಿದ, ಟಾರ್ಪಾಲ್ ಎಳೆದ.

ಒಳಗೆ ಎರಡು ಮಂಚಗಳಿದ್ದವು, ಒಂದರ ಮೇಲೊಂದು. ಮುಂದೆ ಬೇಕರಿಯ ಹಳೆಯ ಹಿಟ್ಟು ನಾದುವ ತೊಟ್ಟಿ ಬೋರಲು ಬಿದ್ದಿತ್ತು. ನಾಲ್ಕು ಮೂಲೆಗೆ, ಹೊದಿಕೆಯಡಿಯಿಂದ ಇಣುಕುವ ಹಾಗೆ, ಧಡಿಯನಿಂದ ಕಳಚಿಟ್ಟ ನಾಲ್ಕು ಸವೆದ ಟಯರುಗಳು.

ಬೇಕರಿಯವನು ಟಾರ್ಪಾಲ್ ಕೆಳಗೆ ಹಾಕಿದ. ಮಂಚದ ಸುತ್ತ ಒಂದು ಸುತ್ತು ಬಂದ. ಟ್ರಕ್ಕು ಮಂಚದಡಿ ಅಡಗಿರಬಹುದೇನೋ ಎಂಬಂತೆ ಬಗ್ಗಿಯೂ ನೋಡಿದ. ಅಲ್ಲಿ ಕಂಡದ್ದು ಅಂಗೈಯಗಲದ ಆಯಿಲ್ ಕಲೆ. ತೊಟ್ಟಿಯ ಮೇಲೆ ಕುಸಿದು ಕೂತ. "ಆರು ವರ್ಷ," ಎಂದನಷ್ಟೇ.

ಜವಳಿ ಅಂಗಡಿಯವರು ಬ್ರೆಡ್ಡಿನ ಪೊಟ್ಟಣ ಕೆಳಗಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟರು. "ನನಗೂ ಹೀಗೇ ಆಯ್ತಪ್ಪ. ಮೊದಲ ದಿನ ಹತ್ತು ಸಲ ಆ ಜಾಗಕ್ಕೇ ಹೋಗಿ ನೋಡ್ದೆ."

ನಾದಿನಿಗೆ ಅದಕ್ಕಿಂತ ಹೆಚ್ಚು ಹೊತ್ತು ತಡೆಯಲಾಗಲಿಲ್ಲ. ಗಂಟಲಿನಿಂದ ಧಡಿಯನದೇ ಸದ್ದು ಹೊರಡಿಸಿದಳು: ಮೊದಲು ಎರಡು ಕೆಮ್ಮು, ಆಮೇಲೆ ಘುರುಘುರು. ಬೇಕರಿಯವನು ಥಟ್ಟನೆ ತಲೆಯೆತ್ತಿದ. ಅವಳು ಇಳಿಜಾರಿನ ಕೊನೆಗೆ ಬೆರಳು ತೋರಿಸಿದಳು. ಅಂಗಡಿಯ ಷಟರ್ ಅರ್ಧ ತೆರೆದಿತ್ತು, ಅದರಡಿ ಹಸಿರು ಮೂತಿ ಕಾಣುತ್ತಿತ್ತು.

"ಯಾವಾಗ?"

"ನಿನ್ನೆ ಮಧ್ಯಾಹ್ನ. ಆಗ ನಿಮ್ಮ ಗೊರಕೆ ಮೂರನೇ ಗೇರಲ್ಲಿತ್ತು. ಒಳಗೆ ಕೂತೆ, ಹ್ಯಾಂಡ್ ಬ್ರೇಕ್ ಬಿಟ್ಟೆ, ಬ್ರೇಕ್ ತುಳೀತಾ ಉರುಳಿಸ್ಕೊಂಡು ಹೋದೆ. ಕೀ ಬೇಡ, ಚೋಕ್ ಬೇಡ, ಮೂರು ಎಣಿಸೋದೂ ಬೇಡ. ರಸ್ತೆ ಖಾಲಿ ಇದೆಯಾ ಅಂತ ಅಕ್ಕ ನಿಂತು ನೋಡಿದ್ಲು."

"ಮಂಚ ಹೊತ್ತೋಳೂ ನಾನೇ," ಎಂದಳು ಹೆಂಡತಿ. "ರಾತ್ರಿ ನೆಲದ ಮೇಲೆ ಯಾಕೆ ಮಲಗಿದ್ವಿ ಅಂತಾನೂ ನೀವು ಕೇಳಲಿಲ್ಲ. ಸೆಖೆ ಅಂದೆ, ಹೂಂ ಅಂದ್ರಿ."

ಬೇಕರಿಯವನು ಬೆರಳು ಮಡಿಸಿ ಲೆಕ್ಕ ಹಾಕಿದ. "ಹಾಗಾದ್ರೆ ನಿನ್ನೆ ಸಂಜೆ ನಾನು ಮಲಗಿಸಿದ್ದು..."

"ಹಿಟ್ಟಿನ ತೊಟ್ಟಿನ."

ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ತೊಟ್ಟಿಯನ್ನು ತಟ್ಟಿ, "ಏಳೋ ಮಗನೇ" ಎಂದು ಅವನು ನಕ್ಕ ನಗು ಮೇಲಿನ ಬೀದಿಯವರೆಗೂ ಕೇಳಿಸಿತು. ಜವಳಿ ಅಂಗಡಿಯವರೂ ನಕ್ಕರು, ಆದರೆ ಅರ್ಧದಲ್ಲೇ ನಿಲ್ಲಿಸಿದರು. ಅದನ್ನು ಕಂಡ ಬೇಕರಿಯವನು ಕಣ್ಣೊರೆಸಿಕೊಂಡು ಹೇಳಿದ, "ನಾಳೆ ಬೆಳಿಗ್ಗೆ ಬಾರಮ್ಮ. ಎಲ್ಲಿ ಬೇಕಾದ್ರೂ ತೂತು ಕೊರಿ."

ಶನಿವಾರ ನಾದಿನಿ ಗುಟ್ಟಿನ ಸ್ವಿಚ್ ಕೂರಿಸಿದಳು. ಅದನ್ನು ತಿರುಗಿಸಿಟ್ಟರೆ ಕೀ ಇದ್ದರೂ ಇಂಜಿನ್ ಏಳುವುದಿಲ್ಲ. ಗಾಡಿ ಎಲ್ಲಿದೆಯೆಂದು ಫೋನಿಗೆ ತಿಳಿಸುವ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನೂ ಅಡಗಿಸಿದಳು. ಎಲ್ಲಿ ಎಂದು ಜವಳಿ ಅಂಗಡಿಯವರು ಕೇಳಿದರೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಸ್ಟೀರಿಂಗಿಗೆ ಸರಪಳಿ ಬಂತು. ಹೆಂಡತಿ ಚಾಸಿ ನಂಬರ್, ಇಂಜಿನ್ ನಂಬರ್, ಗೇರ್ ಬಾಕ್ಸು, ಬಾಗಿಲಿನ ಡೊಂಕು ಎಲ್ಲದರ ಫೋಟೋ ತೆಗೆದು ಕಾಗದಪತ್ರಗಳ ಜೊತೆ ಮನೆಯೊಳಗಿಟ್ಟಳು. ಗಾಜುಗಳ ಮೇಲೆ ನಂಬರ್ ಕೆತ್ತಿಸಿದರು. ದುರಸ್ತಿಯ ಬೆಲೆ ಸೇರಿಸಿ ಹೊಸದಾಗಿ ವಿಮೆ ಮಾಡಿಸಿದರು. ಧಡಿಯ ಈಗ ಗೋಡೆಗೆ ಮುಖ ಮಾಡಿ, ಗೇರಿನಲ್ಲಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟುಕೊಂಡು ನಿಲ್ಲುತ್ತಾನೆ. ಬೇಕರಿಯವನು ದಿನವೂ ಟಾರ್ಪಾಲ್ ಎತ್ತಿ ನೋಡಿಯೇ ಟೀ ಕುಡಿಯುತ್ತಾನೆ.

ಓದುಗರೇ, ಹಳೆಯ ಗಾಡಿಯೊಂದನ್ನು ಪ್ರೀತಿಯಿಂದ ಎಬ್ಬಿಸಿ ನಿಲ್ಲಿಸಿದ್ದೀರಾ? ಹಾಗಾದರೆ ಈ ಹಾಳೆಯನ್ನು ಇಲ್ಲೇ ಇಟ್ಟು ಹೋಗಿ, ಹೊದಿಕೆ ಎತ್ತಿ ನೋಡಿ. ಗಾಡಿ ಇದ್ದರೆ ಈ ವಾರವೇ ಗುಟ್ಟಿನ ಸ್ವಿಚ್ ಹಾಕಿಸಿ, ನಂಬರುಗಳ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಮನೆಯವರನ್ನು ಕೇಳಿ, ಆ ಕೂಡಲೇ ಪೊಲೀಸರಿಗೆ ತಿಳಿಸಿ. ತಡವಾದಷ್ಟೂ ನಿಮ್ಮ ಗಾಡಿ ಬಿಡಿಬಿಡಿಯಾಗುತ್ತದೆ. ಅನುಮಾನವಿದ್ದರೆ ಬೇಕರಿಗೆ ಬನ್ನಿ. ಬನ್ನು ಕಟ್ಟಿಕೊಡುತ್ತಾ ಅವನೇ ಈ ಕಥೆ ಹೇಳುತ್ತಾನೆ. ತೊಟ್ಟಿಗೆ ಲಾಲಿ ಹಾಡಿದ ಜಾಗಕ್ಕೆ ಬರುವಷ್ಟರಲ್ಲಿ, ನೀವು ನಗುವ ಮೊದಲೇ, ಅವನೇ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಗುತ್ತಿರುತ್ತಾನೆ.