ಬಾಣಂತಿಯ ತಂಬಿಗೆ

ಕಗ್ಗದಾಸಪುರದ ನಮ್ಮ ವಠಾರ ಈಗಿಲ್ಲ. ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಹೊರಮಾವಿನ ಈ ಮನೆಯಲ್ಲಿ ನಲ್ಲಿ ತಿರುಗಿಸಿದಾಗಲೆಲ್ಲ ಆ ಸಾಲುಕೋಣೆಗಳು, ಇದ್ದೊಂದು ನಲ್ಲಿಗಾಗಿ ನಾವು ಆಡುತ್ತಿದ್ದ ಜಗಳ, ಸಂಜೆ ಜಟ್ಟೆಮ್ಮ ಬಡಿಯುತ್ತಿದ್ದ ಜೋಳದ ರೊಟ್ಟಿಯ ಸದ್ದು ನೆನಪಾಗುತ್ತವೆ.

ಜಟ್ಟೆಮ್ಮ ಸೇಡಂ ಕಡೆಯವಳು. ಗಾರೆ ಕೆಲಸದ ಮಗ ದತ್ತು, ಹಸಿಬಾಣಂತಿ ಸೊಸೆ ಲಕ್ಷ್ಮಿದೇವಿ, ಕೂಸು, ಎಲ್ಲರೂ ಒಂದೇ ಕೋಣೆಯಲ್ಲಿ. ಬಾಯಿ ಜೋರಾದರೂ ಕೈ ಧಾರಾಳ. ಬಾಣಂತಿಗೆ ನೀರು ಕೊಡುವುದರಲ್ಲಿ ಮಾತ್ರ ಕಲ್ಲು. ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಗುಟುಕು ಗುಟುಕಾಗಿ ಅಳೆದು ಕೊಡುತ್ತಿದ್ದಳು. ಹುಡುಗಿಯ ತುಟಿ ಒಡೆದಿತ್ತು, ಮೂತ್ರ ಉರಿಯುತ್ತಿತ್ತು. ನಾನು ಹೇಳಿ ಹೇಳಿ ಸೋತೆ. ಹೆತ್ತವಳಿಗೇ ನೀರಿಲ್ಲ ಎನ್ನುವ ಶಾಸ್ತ್ರಕ್ಕೆ ಬೆಂಕಿ ಹಾಕಬೇಕು ಎನಿಸುತ್ತಿತ್ತು.

ಆಗ ಬಂದವಳು ಬಾಣಂತಿಯರ ಆರೈಕೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಪ್ರಿಯದರ್ಶಿನಿ. ನೂರು ಮನೆ ಸುತ್ತುವ ಬದಲು ಜಟ್ಟೆಮ್ಮನ ಈ ಒಂದು ಮನೆಯನ್ನೇ ಆಳವಾಗಿ ನೋಡುತ್ತೇನೆ, ಇದಕ್ಕೆ ಕೇಸ್ ಸ್ಟಡಿ ಎನ್ನುತ್ತಾರೆ ಎಂದಳು. ಜಟ್ಟೆಮ್ಮ ನಕ್ಕಳು.

“ಒಂದು ಮನಿ ನೋಡಿ ಊರ ಸುದ್ದಿ ಹೆಂಗ ಹೇಳ್ತಿಯವ್ವ?”

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಲದೇ ಎಂದು ನಾನು ಬಾಯಿ ಹಾಕಿದೆ. ಪ್ರಿಯದರ್ಶಿನಿ ಅದನ್ನೂ ಒಪ್ಪಲಿಲ್ಲ.

“ಊರಿನ ಸುದ್ದಿ ನಾನು ಹೇಳಲ್ಲ ಅಮ್ಮಾ. ಅನ್ನ ಯಾಕೆ ಬೇಯ್ಲಿಲ್ಲ ಅಂತ ತಿಳೀಬೇಕಾದ್ರೆ ಒಲೆ ಮುಂದೇನೇ ಕೂತ್ಕೋಬೇಕು.”

ಕೂತಳು ಕೂಡ. ಮೊದಲು ಲಕ್ಷ್ಮಿದೇವಿಯನ್ನು ಆಸ್ಪತ್ರೆಗೆ ಕರೆದೊಯ್ಯೋಣವೆಂದಳು. ಹಸಿ ಮೈಯವಳು ಹೊಸ್ತಿಲು ದಾಟಬಾರದೆಂದು ಜಟ್ಟೆಮ್ಮ ಅಡ್ಡ ನಿಂತಳು. ಪ್ರಿಯದರ್ಶಿನಿ ಜಗಳವಾಡಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತ, ನೀವು ಕಂಡ ಬಾಣಂತನಗಳನ್ನೆಲ್ಲ ನಡೆದ ಕ್ರಮದಲ್ಲೇ ಹೇಳಿ ಎಂದು ಕೇಳಿದಳು.

ತನ್ನ ತಂಗಿಯ ಚೊಚ್ಚಲ ಹೆರಿಗೆಗೆ ಬರುವಾಗ ಜಟ್ಟೆಮ್ಮನ ದನಿ ತಗ್ಗಿತು. ಅವಳು ಗಾಳಿ ಸೋಕಿ ಸತ್ತಳೆಂದೇ ಮನೆಯ ಮಾತು. ಗಾಳಿ ಸೋಕುವ ಮೊದಲು ಏನಾಗಿತ್ತು ಎಂದು ಪ್ರಿಯದರ್ಶಿನಿ ಕೇಳಿದಳು. ಮೊದಲು ಉರಿಮೂತ್ರ, ಆಮೇಲೆ ಚಳಿಜ್ವರ, ಆಮೇಲೆ ಬಡಬಡಿಕೆ. ಹೇಳುತ್ತಿದ್ದಂತೆ ಜಟ್ಟೆಮ್ಮನ ಕಣ್ಣು ಮೂಲೆಯಲ್ಲಿ ಚಳಿಗೆ ನಡುಗುತ್ತಿದ್ದ ಸೊಸೆಯತ್ತ ಹೊರಳಿತು.

ಅತ್ತೆಗೆ ಎಂದೂ ಎದುರಾಡದ ಲಕ್ಷ್ಮಿದೇವಿ ಬಾಯಿ ಬಿಟ್ಟಳು. “ಅತ್ತೀ, ಆಕಿ ಆವಾಗ ಏನ್ ಕೇಳ್ತಿದ್ಳ್ರಿ?”

ಜಟ್ಟೆಮ್ಮ ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ನೀರ್ ಕೇಳ್ತಿದ್ಳವ್ವ. ತಂಬಿಗಿ ನಾನೇ ಬಚ್ಚಿಟ್ಟಿದ್ದೆ.”

ಎದ್ದಳು. ಕಾಯಿಸಿ ಆರಿಸಿದ ನೀರನ್ನು ತಂಬಿಗೆ ತುಂಬ ತಂದು ಸೊಸೆಯ ಬಾಯಿಗೆ ತಾನೇ ಹಿಡಿದಳು. ದತ್ತುವನ್ನು ಆಟೊ ತರಲು ಓಡಿಸಿದಳು. ಆಸ್ಪತ್ರೆಯಲ್ಲಿ ಲಕ್ಷ್ಮಿದೇವಿ ಚೇತರಿಸಿಕೊಂಡಳು.

ಆಮೇಲೆ ವಠಾರದಲ್ಲಿ ಯಾರು ಹೆತ್ತರೂ ಎಲ್ಲರಿಗಿಂತ ಮೊದಲು ತಂಬಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದವಳು ಜಟ್ಟೆಮ್ಮನೇ. ಬಾಣಂತಿ ಯಾವ ಜಾತಿಯವಳಿರಲಿ, ಯಾವ ಭಾಷೆಯವಳಿರಲಿ, ಅವಳದು ಒಂದೇ ಮಾತು: “ಕುಡಿ ತಂಗಿ, ಹೊಟ್ಟಿ ತುಂಬ ಕುಡಿ.”