ಭಾವ ಕಳೆದುಹಾಕಿದ ಮೂರು ಕಾಲು

ಎರಡು ತಿಂಗಳಲ್ಲಿ ನಮ್ಮ ಭಾವ ಮೂರು ಕಾಲು ಕಳೆದುಹಾಕಿದರು. ಕೊಡೆ ಕಳೆಯುವವರಿದ್ದಾರೆ, ಕನ್ನಡಕ ಕಳೆಯುವವರಿದ್ದಾರೆ. ಬೇರೆಯವರ ಕಾಲನ್ನೇ ಕಳೆಯಬೇಕಾದರೆ ಭಾವನೇ ಆಗಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳಿ ನಕ್ಕಿದ್ದೆ. ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಭಾವ ಎಂದರೆ ಅಕ್ಕನ ಗಂಡ. ಕೃತಕ ಕಾಲು ಮಾಡುವುದು ಅವರ ಕಸುಬು. ಅದೇ ಕಾರ್ಯಾಗಾರದಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು ನಾನು. ಮಂಡಿಯ ಕೆಳಗೆ ಉಳಿದ ಕಾಲಿನ ಸುತ್ತ ಅವರು ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರನ್ನು ನಿಧಾನವಾಗಿ ಆಡಿಸಿದರೆ ಲ್ಯಾಪ್‌ಟಾಪಿನಲ್ಲಿ ಅಳತೆ ಮೂಡುತ್ತದೆ. ಆ ಅಳತೆಯಂತೆ ಯಂತ್ರ ಅಚ್ಚು ಕೊರೆಯುತ್ತದೆ. ಹೆಚ್ಚಿನವರು ಕಾರ್ಯಾಗಾರಕ್ಕೇ ಬರುತ್ತಾರೆ. ಮೆಟ್ಟಿಲಿಳಿಯಲಾಗದವರ ಮನೆಗೆ ಭಾವನೇ ಹೋಗುತ್ತಾರೆ. ಅಚ್ಚುಕಟ್ಟಿನಲ್ಲಿ ಅವರನ್ನು ಮೀರಿಸುವವರಿಲ್ಲ. ಯಾವ ಮೊಳೆಯಿಂದ ಇಕ್ಕಳ ತೆಗೆದರೋ ಅದೇ ಮೊಳೆಗೆ ಇಕ್ಕಳ ಹೋಗಬೇಕು. ‘ಒಂದು ವಸ್ತುವಿಗೆ ಒಂದೇ ಜಾಗ’ ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿದ್ದರಂತೆ. ಇವರು ನಮಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ.

ಎಲ್ಲ ಅಳತೆಗಳೂ ಇರುವ ಜಾಗ ಕಾರ್ಯಾಗಾರದ ಮೂಲೆಯಲ್ಲಿರುವ ಸರ್ವರ್ ಎಂಬ ಕಂಪ್ಯೂಟರು. ಭಾವನ ಲ್ಯಾಪ್‌ಟಾಪಿನಲ್ಲಿ ‘ಉಗ್ರಾಣ’ ಎಂಬ ಹೆಸರಿನ ಫೋಲ್ಡರ್ ಇದೆ. ಕಾರ್ಯಾಗಾರದ ವೈಫೈಯಲ್ಲಿದ್ದಾಗ ಸರ್ವರ್ ಆ ಫೋಲ್ಡರಿಗೆ ಜೋಡಿಸಿಕೊಳ್ಳುತ್ತದೆ, ತೆರೆದರೆ ಎಲ್ಲರ ಕಾಲೂ ಕಾಣುತ್ತದೆ. ತೊಂದರೆ ಬರುತ್ತಿದ್ದದ್ದು ಹೊರಗೆ ಹೋದಾಗ. ನೆಟ್‌ವರ್ಕ್ ಬದಲಾದರೂ ಲ್ಯಾಪ್‌ಟಾಪು ಹಳೆಯ ನಂಟು ಬಿಡದೆ, ಕಾರ್ಯಾಗಾರದಲ್ಲೇ ಉಳಿದ ಸರ್ವರನ್ನು ಹುಡುಕುತ್ತ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಕಾಲು ಚಾಚಿ ಕಾಯುತ್ತಿದ್ದವರ ಎದುರು ಭಾವ ಹತ್ತು ನಿಮಿಷ ಬಿಸಿಲಿನ ಬಗ್ಗೆ ಮಾತಾಡಬೇಕಾಗುತ್ತಿತ್ತು.

ಅದಕ್ಕೇ ನಾನು ಒಂದು ಚಿಕ್ಕ ಪ್ರೋಗ್ರಾಮ್ ಬರೆದೆ. ಲ್ಯಾಪ್‌ಟಾಪು ಯಾವ ನೆಟ್‌ವರ್ಕಿನಲ್ಲಿದೆ ಎಂದು ಅದು ನೋಡುತ್ತದೆ. ಕಾರ್ಯಾಗಾರದ್ದಾದರೆ ಉಗ್ರಾಣವನ್ನು ಜೋಡಿಸುತ್ತದೆ, ಬೇರೆಯದಾದರೆ ತಾನೇ ಕಳಚುತ್ತದೆ. ಕಾಯುವ ಕಾಟ ತಪ್ಪಿತು. ನಾನು ಬೀಗಿದ್ದೇ ಬೀಗಿದ್ದು.

“ಇನ್ಮೇಲೆ ನೀವು ಏನೂ ನೆನಪಿಟ್ಕೋಬೇಕಾಗಿಲ್ಲ ಭಾವ,” ಎಂದಿದ್ದೆ. “ಎಲ್ಲೇ ಇರಿ, ಎಂದಿನ ಹಾಗೆ ಉಗ್ರಾಣಕ್ಕೇ ಹಾಕಿ. ಉಳಿದಿದ್ದು ನಂಗೆ ಬಿಡಿ.”

ಆಮೇಲೆ ಶುರುವಾಯಿತು ಕಾಲು ಕಳೆಯುವುದು. ಮೊದಲು ಫುಟ್‌ಬಾಲ್ ಕೋಚ್ ಒಬ್ಬರ ಅಳತೆ ಕಾಣೆಯಾಯಿತು. ಮೂರು ವಾರ ಬಿಟ್ಟು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರದು. ಇಬ್ಬರೂ ಕಷ್ಟಪಟ್ಟು ಕಾರ್ಯಾಗಾರಕ್ಕೇ ಬಂದು ಮತ್ತೆ ಅಳತೆ ಕೊಟ್ಟರು. ನಾನು ಭಾವನಿಗೆ ‘ಮರೆಗುಳಿ ಸಾಹೇಬರು’ ಎಂದು ಹೆಸರಿಟ್ಟೆ.

“ನಾನು ಉಳಿಸಿದ್ದೆ. ನಿನ್ನ ಪ್ರೋಗ್ರಾಮೇ ನುಂಗಿರ್ಬೇಕು,” ಎನ್ನುತ್ತಿದ್ದರು ಅವರು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ,” ಎನ್ನುತ್ತಿದ್ದೆ ನಾನು.

ಮೂರನೆಯದು ಟೈಲರಮ್ಮನವರದು. ಸೋಮವಾರ ಅವರ ಮನೆಗೆ ಹೋಗಿ ಅಳತೆ ತಂದಿದ್ದ ಭಾವ, ಮಂಗಳವಾರ ಬೆಳಿಗ್ಗೆ ಉಗ್ರಾಣ ತೆರೆದು ನನ್ನನ್ನು ಕರೆದರು. ನಾನು ಲ್ಯಾಪ್‌ಟಾಪಿನ ಮೂಲೆಮೂಲೆ ಹುಡುಕಿದೆ. ಇರಲಿಲ್ಲ.

“ಮೂರಾಯ್ತು ಮರೆಗುಳಿ ಸಾಹೇಬ್ರೇ,” ಎಂದೆ. “ಇನ್ನೊಂದು ಕಳೆದ್ರೆ ಒಂದು ಮೇಜಿಗಾಗೋಷ್ಟು ಕಾಲು!”

ಎಂದಿನಂತೆ ವಾದಕ್ಕಿಳಿಯದೆ ಭಾವ ಅಂಗಿಯ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಅವರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಟೈಲರಮ್ಮ. ಎಡಗಾಲು. ಉಳಿಸುವ ಗುಂಡಿ ಒತ್ತಿದೆ. ಉಳಿಸಲಾಗಿದೆ ಎಂದು ಬಂತು. ನಾನೇ ನೋಡಿದೆ. ಮತ್ತೊಮ್ಮೆ ನೋಡಿದೆ.’

“ಬರೆದೂ ಇಲ್ಲ ಅಂದ್ರೆ ಏನರ್ಥ?” ಎಂದರು. “ನೋಡದೇ ನೋಡಿದೆ ಅಂತ ಬರೀತಿದ್ದೀನಿ ಅಂತ ತಾನೇ? ಇದೊಂದು ಕಾಲು ಮುಗಿಸಿಕೊಟ್ಟು ಕೆಲಸ ಬಿಟ್ಟುಬಿಡ್ತೀನಮ್ಮ. ನನ್ನ ತಲೆ ನಂಬಿಕೊಂಡು ಜನ ನಡೆಯೋದು ಬೇಡ.”

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ.

“ಅವರ ಮುಂದೆ ನಗ್ಬೇಡ ಕಣೇ,” ಎಂದಳು ಅಕ್ಕ. “ಮೊನ್ನೆ ಒಲೆ ಆರಿಸಿದ್ನಾ ಅಂತ ಅರ್ಧ ದಾರಿಯಿಂದ ವಾಪಸ್ ಬಂದ್ರು. ಆರಿಸೇ ಹೋಗಿದ್ರು. ಹೇಳಿದ್ರೆ, ನೀನೇ ಆರಿಸಿ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀಯ ಅಂತಾರೆ. ಅವರಪ್ಪಂಗೂ ಮರೆವು ಹೀಗೇ ಶುರುವಾಗಿದ್ದು, ಗೊತ್ತಲ್ಲ. ಇವತ್ತು ಮತ್ತೆ ಅಳತೆ ತೆಗೆಯೋಕೆ ಹೋಗ್ತಾರಂತೆ, ಅವರ ಜೊತೆ ನೀನೂ ಹೋಗು.”

ಹೋದೆ. ಟೈಲರಮ್ಮನವರದು ಮೂರನೇ ಮಹಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಅರ್ಧ ಹೊಲಿದ ಅಂಗಿಗಳು. ಹಳೆಯ ಕೃತಕ ಕಾಲು ಸಡಿಲವಾಗಿ ಮೂರು ವಾರದಿಂದ ಅವರು ಕೆಳಗಿಳಿದಿರಲಿಲ್ಲ. ಆ ಕೋಪವೆಲ್ಲ ನಾಲಿಗೆಗೆ ಬಂದಿತ್ತು.

“ಮೊದಲ್ನೇ ಸಲ ಕಾಲು ಹೋದಾಗ ಆಸ್ಪತ್ರೆಯವರು ಸಹಿನಾದ್ರೂ ಹಾಕಿಸ್ಕೊಂಡಿದ್ರು,” ಎಂದರು. “ನೀವು ಹೇಳದೆ ಕೇಳದೆ ಕಳೆದುಬಿಟ್ರಲ್ಲ ಸ್ವಾಮಿ!”

“ತಪ್ಪು ನಂದೇ ಅಮ್ಮಾ. ಈಚೆಗೆ ಮರೆವು,” ಎಂದರು ಭಾವ. ಎಷ್ಟು ಮೆಲ್ಲಗೆ ಎಂದರೆ ಟೈಲರಮ್ಮನವರೂ ಬೈಯುವುದು ಬಿಟ್ಟು ಕಾಲು ಮುಂದೆ ಚಾಚಿದರು.

ಭಾವ ನೆಲದ ಮೇಲೆ ಕೂತು ಮೊಬೈಲಿನ ಇಂಟರ್ನೆಟ್ಟಿಗೆ ಲ್ಯಾಪ್‌ಟಾಪನ್ನು ಜೋಡಿಸಿದರು. ಸ್ಕ್ಯಾನ್ ಶುರುಮಾಡುವ ಮೊದಲು ಹೆಸರು ಬರೆಯಬೇಕು. ಬರೆದರು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

“ಇದೇನೋ ಕೇಳ್ತಿದೆ ನೋಡು,” ಎಂದರು. “ಈ ಹೆಸರಿನ ಅಳತೆ ಈಗಾಗಲೇ ಇದೆ, ಅಳಿಸಿ ಹೊಸದು ಇಡಲೇ ಅಂತ. ಹೌದು ಅಂತ ಒತ್ತಲಾ?”

“ಒತ್ತಬೇಡಿ!” ಎಂದು ಕಿರುಚಿ ಅವರ ಕೈ ಹಿಡಿದೆ. ಟೈಲರಮ್ಮನವರ ಕೈಯಿಂದ ಕತ್ತರಿ ಬಿತ್ತು.

ಉಗ್ರಾಣ ತೆರೆದೆ. ನೂರಾರು ಕಾಲುಗಳಿರಬೇಕಾದ ಕಡೆ ಮೂರೇ ಮೂರು ಇದ್ದವು. ಫುಟ್‌ಬಾಲ್ ಕೋಚ್. ಪೋಸ್ಟ್‌ಮ್ಯಾನ್. ಟೈಲರಮ್ಮ. ಮೂವರದೂ ಭಾವ ಅವರವರ ಮನೆಗೆ ಹೋಗಿ ತೆಗೆದ ಅಳತೆ. ಮೊದಲ ದಿನವೇ ನಾನು ಗಮನಿಸಬೇಕಾಗಿದ್ದದ್ದು ಅದು. ನಗುವುದರಲ್ಲಿ ಮುಳುಗಿದ್ದವಳಿಗೆ ಲೆಕ್ಕ ಎಲ್ಲಿ ಕಾಣಬೇಕು?

ಹೊರಗೆ ಬಂದಾಗ ನನ್ನ ಪ್ರೋಗ್ರಾಮ್ ಸರ್ವರನ್ನು ಕಳಚುತ್ತಿತ್ತು. ಆದರೆ ಉಗ್ರಾಣವೆಂಬ ಫೋಲ್ಡರ್ ಲ್ಯಾಪ್‌ಟಾಪಿನಲ್ಲಿ ಖಾಲಿಯಾಗಿ ಉಳಿಯುತ್ತಿತ್ತು. ಭಾವ ನನ್ನ ಮಾತು ನಂಬಿ ಅದಕ್ಕೇ ಹಾಕುತ್ತಿದ್ದರು. ಅದು ಲ್ಯಾಪ್‌ಟಾಪಿನಲ್ಲೇ ಭದ್ರವಾಗಿ ಕೂರುತ್ತಿತ್ತು. ಕಾರ್ಯಾಗಾರಕ್ಕೆ ಕಾಲಿಟ್ಟ ಕೂಡಲೇ ಸರ್ವರ್ ಬಂದು ಅದೇ ಫೋಲ್ಡರಿನ ಮೇಲೆ ಜೋಡಿಸಿಕೊಳ್ಳುತ್ತಿತ್ತು. ಚಾಪೆ ಹಾಸಿದ ಮೇಲೆ ಕೆಳಗೆ ಬಿದ್ದ ಅಂಗಿಗುಂಡಿ ಕಾಣುವುದಿಲ್ಲವಲ್ಲ, ಹಾಗೆ. ಕಾರ್ಯಾಗಾರದಲ್ಲಿ ಕೂತು ನಾನು ಎಷ್ಟು ಹುಡುಕಿದರೂ ಚಾಪೆಯನ್ನೇ ತಡವುತ್ತಿದ್ದೆ. ಇನ್ನು ಮನೆಯಲ್ಲಿ, ಊಟದ ಮೇಜಿನ ಮೇಲೆ ಯಾರ ಕಾಲೂ ಬೇಡ ಎಂಬ ಅಕ್ಕನ ಅಪ್ಪಣೆಯಿಂದಾಗಿ, ಭಾವ ಲ್ಯಾಪ್‌ಟಾಪು ತೆರೆಯುತ್ತಲೇ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಕಂಪ್ಯೂಟರಿನ ತಪ್ಪು ಎಂದರೆ ಇಬ್ಬರೂ ನಂಬುತ್ತಿದ್ದರು. ಆದರೆ ಭಾವ ಪರದೆಯ ಮೇಲಿನ ಮೂರೂ ಕಾಲುಗಳನ್ನು ನೋಡುತ್ತಿದ್ದ ರೀತಿ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

“ಭಾವ, ಹೊರಗೆ ಉಳಿಸಿದ್ದನ್ನ ಆಮೇಲೆ ಸರ್ವರಿಗೆ ಸಾಗಿಸೋಕೆ ಇನ್ನೊಂದು ಭಾಗ ಬರೀಬೇಕಿತ್ತು,” ಎಂದೆ. “ಬರೆದೇ ನಿಮಗೆ ಕೊಡ್ಬೇಕು ಅಂದ್ಕೊಂಡಿದ್ದೆ. ಅವಸರದಲ್ಲಿ ಕೊಟ್ಟೆ. ನಾಳೆ ಬರೆದ್ರಾಯ್ತು ಅಂದ್ಕೊಂಡೆ.”

“ಬರೆದ್ಯಾ?”

“ಇಲ್ಲ.”

“ಯಾಕೆ?”

“ಮರೆತುಬಿಟ್ಟೆ.”

ಮೊದಲು ನಕ್ಕವರು ಟೈಲರಮ್ಮ. “ಅಲ್ರೀ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ನನ್ನ ಕಾಲನ್ನ ನೀವೇ ಹೊತ್ಕೊಂಡು ಮೂರು ಮಹಡಿ ಹತ್ತಿ, ಕಾಲು ಕಳೆದೋಯ್ತು ಅಂತ ನನಗೇ ಹೇಳೋಕೆ ಬಂದ್ರಲ್ಲ!”

ನಾನು ಮೂರೂ ಅಳತೆಗಳನ್ನು ಬೇರೆ ಫೋಲ್ಡರಿಗೆ ಸಾಗಿಸಿದೆ. ಖಾಲಿಯಾದ ಉಗ್ರಾಣಕ್ಕೆ ಇನ್ನು ಏನನ್ನೂ ಹಾಕಲಾಗದಂತೆ ಬೀಗ ಹಾಕಿದೆ. ಬರೆಯದೆ ಬಿಟ್ಟಿದ್ದ ಭಾಗವನ್ನು ಮನೆಗೆ ಹೋಗುವ ಮೊದಲೇ ಬರೆಯುತ್ತೇನೆ ಎಂದು ಆಣೆ ಮಾಡಿದೆ. ಅಷ್ಟರಲ್ಲಿ ಭಾವ ನೋಟ್‌ಬುಕ್ ತೆಗೆದು ನಿಧಾನವಾಗಿ ಏನೋ ಬರೆಯುತ್ತಿದ್ದರು. ಬರೆದು ನನ್ನ ಕಡೆ ತಿರುಗಿಸಿದರು.

‘ನಾದಿನಿ ತಪ್ಪು ಒಪ್ಪಿಕೊಂಡಳು. ನಾನೇ ನೋಡಿದೆ. ಮತ್ತೊಮ್ಮೆ ನೋಡಿದೆ.’

“ಸಾಕ್ಷಿಗೆ ನಾನು ಸಹಿ ಹಾಕ್ತೀನಿ ಕೊಡಿ,” ಎಂದು ಟೈಲರಮ್ಮನವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಸಹಿ ಗೀಚಿದರು. “ಶುಕ್ರವಾರ ಕಾಲು ಬರ್ಬೇಕು. ತಂದುಕೊಡೋರು ನೀವೇ ಆಗ್ಬೇಕು, ಬೇರೆಯವರ ಕೈಗೆ ನಾನು ಕಾಲು ಕೊಡಲ್ಲ.”

“ನಾನೇ ಬರ್ತೀನಮ್ಮ,” ಎಂದರು ಭಾವ.

ಮೆಟ್ಟಿಲಿಳಿಯುವಾಗ ಸ್ಕ್ಯಾನರಿನ ಪೆಟ್ಟಿಗೆ ನನ್ನ ಹೆಗಲಿಗೇರಿಸಿ ಅವರು ಮುಂದೆ ಮುಂದೆ ಹೋದರು. ಈ ಮರೆಗುಳಿಗೆ ಅಷ್ಟು ಶಿಕ್ಷೆ ನ್ಯಾಯವೇ. ಎರಡನೇ ಮಹಡಿಯಲ್ಲಿ ನಿಂತು ಅವರು ಫೋನ್ ತೆಗೆದರು. ಕೋಚ್‌ಗೋ ಪೋಸ್ಟ್‌ಮ್ಯಾನ್‌ಗೋ ಸುದ್ದಿ ಹೇಳುತ್ತಾರೇನೋ ಎಂದುಕೊಂಡೆ. ಅವರು ಕರೆ ಮಾಡಿದ್ದು ಅಕ್ಕನಿಗೆ.

“ಕೇಳಿಲ್ಲಿ,” ಎಂದರು. “ಮೊನ್ನೆ ಒಲೆ ನಾನೇ ಆರಿಸಿದ್ದೆ ಕಣೇ.”